ಕೊನೆಯ ಸಾಲಿನ ಪಿಟೀಲು

ಈ ಕಾಲದ ಹುಡುಗರು ಸೋಮಾರಿಗಳು, ಎಂದ ವಗ್ದಿ
ಶುಬ್ರಾದ ಚಹಾದಂಗಡಿಯಲ್ಲಿ, ಸಕ್ಕರೆ ಕದಡುತ್ತ.
ಬೆರಳೊತ್ತಿದರೆ ಇಪ್ಪತ್ತು ಪಿಟೀಲು!
ಗದ್ದದಡಿ ಕಲೆಯಿಲ್ಲ,
ತಂತಿ ಹರಿದು ಕೆನ್ನೆಗೆ ಬಡಿದ ನೆನಪಿಲ್ಲ.

ನಾನು ಹೂಂಗುಟ್ಟಿದೆ.
ಹೂಂಗುಟ್ಟುವುದು ನನ್ನ ಹಳೆಯ ಕಸುಬು:
ಮೂವತ್ತೊಂದು ವರ್ಷ ಕೊನೆಯ ಸಾಲು, ಗೋಡೆಬದಿಯ ಕುರ್ಚಿ,
ಮುಂದಿನವರು ನುಡಿಸಿದ್ದಕ್ಕೆಲ್ಲ ಹೂಂ.

ಈಗ ಹೇಳಬಹುದು, ಮೇಳದ ಯಜಮಾನ ತೀರಿಕೊಂಡು ಬಹಳ ದಿನವಾಯಿತು.
ಕೈರೋದ ಆ ಬೇಸಿಗೆಗಳಲ್ಲಿ, ಬೆಳಗಿನ ಜಾವ,
ಗಾಯಕಿ ಅದೇ ಸಾಲನ್ನು ಹದಿನಾರನೆಯ ಸಲ ಹಾಡುವಾಗ
ನನ್ನ ಕಮಾನು ತಂತಿಗಿಂತ ಕೂದಲೆಳೆ ಮೇಲೆ
ಬರಿಗಾಳಿಯಲ್ಲಿ ಹೋಗಿಬರುತ್ತಿತ್ತು.
ಭುಜ ಎಲ್ಲರಂತೆ ಆಡುತ್ತಿತ್ತು. ಕಣ್ಣು ಮುಚ್ಚಿರುತ್ತಿತ್ತು;
ನೋಡಿದವರು ಅದನ್ನು ತನ್ಮಯತೆ ಎಂದರು.
ಪಕ್ಕದ ಫಿಕ್ರಿಗೆ ಗೊತ್ತಿತ್ತು,
ಅವನೂ ಗಾಳಿಯನ್ನೇ ನುಡಿಸುತ್ತಿದ್ದ.
ಹದಿನೆಂಟು ಕೇಳಿಸಿದರೆ ಸಾಕು,
ಕೂಲಿ ಇಪ್ಪತ್ತು ಜನಕ್ಕೂ ಒಂದೇ.

ಆಮೇಲೊಂದು ದಿನ ಯಾರೋ ಕರೆದರು.
ಕಿಟಕಿಯಿಲ್ಲದ ಕೋಣೆ, ಮೂರು ಮೈಕು, ಹಾಡಿಲ್ಲ.
ಒಂದೊಂದೇ ಸ್ವರ ಕೊಡಿ ಎಂದರು,
ಮೆಲ್ಲಗೆ, ಜೋರಾಗಿ, ಮೇಲೆಳೆದು, ಕೆಳಗೆಳೆದು.
ಅವತ್ತು ಗಾಳಿ ನುಡಿಸುವಂತಿರಲಿಲ್ಲ,
ಒಬ್ಬನೇ ಇದ್ದೆ.
ಏಳು ಗಂಟೆ. ಒಂದು ಸಹಿ. ಒಂದು ಲಕೋಟೆ.
ಆ ದುಡ್ಡಿನ ಫ್ರಿಜ್ಜು ಈಗಲೂ ಗುಂಯ್ ಎನ್ನುತ್ತದೆ
ಶ್ರುತಿಗೆ ಚೂರು ತಗ್ಗಿ.

ಈಗ ಮದುವೆಯ ಪೆಂಡಾಲಿನಲ್ಲಿ, ಮೈಕ್ರೋಬಸ್ಸಿನಲ್ಲಿ,
ಟೂತ್‌ಪೇಸ್ಟಿನ ಜಾಹೀರಾತಿನಲ್ಲಿ
ನನ್ನ ಮೊಣಕೈ ಕೇಳಿಸುತ್ತದೆ.
ನಾನು ಗೊರಕೆ ಹೊಡೆಯುವಾಗಲೂ ದುಡಿಯುತ್ತದೆ.
ಇಷ್ಟು ಮೈಮುರಿದು ನಾನೆಂದೂ ದುಡಿದವನಲ್ಲ.

ಹೋದ ವಾರ ರಾತ್ರಿ ಎರಡು ಗಂಟೆಗೆ
ಮೇಲ್ಮಹಡಿಯಿಂದ ಒಂದೇ ಸ್ವರ, ಮತ್ತೆ ಮತ್ತೆ.
ಬೈಯಲೆಂದೇ ಹತ್ತಿದೆ.
ಬಾಗಿಲು ತೆರೆದವಳು ಯುಮ್ನಾ, ದಂತವೈದ್ಯರ ಬಳಿ ಚೀಟಿ ಬರೆಯುವ ಹುಡುಗಿ,
ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ.

ನಮ್ಮ ರಾಸ್ತ್‌ನ ಮೂರನೆಯ ಸ್ವರವಿದೆಯಲ್ಲ,
ಬಿಳಿ ಮನೆಯದೂ ಅಲ್ಲ, ಕಪ್ಪು ಮನೆಯದೂ ಅಲ್ಲ,
ಎರಡರ ನಡುವಿನ ಗೋಡೆಯೊಳಗೆ ವಾಸ.
ಯಂತ್ರಕ್ಕೆ ಆ ವಿಳಾಸ ಗೊತ್ತಿಲ್ಲ.
ಅವಳು ಒಂದೊಂದನ್ನೂ ಹಿಡಿದು ಸರಿಸುತ್ತಿದ್ದಳು
ಅಕ್ಕಿಯಿಂದ ಕಲ್ಲು ಆರಿಸುವವಳ ಹಾಗೆ,
ಏರುವಾಗ ಒಂದು ಅಳತೆ, ಇಳಿಯುವಾಗ ಇನ್ನೊಂದು.
ಎಲ್ಲವನ್ನೂ ಒಮ್ಮೆಗೇ ಸರಿಪಡಿಸುವ ಗುಂಡಿಯಿತ್ತು.
ಒತ್ತಿದರೆ ಹಾಡು ಸತ್ತುಹೋಗುತ್ತೆ, ಎಂದಳು.
ಮತ್ತೆ ತಾಳ?
ಅದು ಕೊಂಡದ್ದು, ಮುಟ್ಟಿಯೂ ಇಲ್ಲ! ನಕ್ಕಳು.

ಇನ್ನೊಂದು ಚೂರು ಕೆಳಗೆ, ಎಂದೆ.
ಸರಿಸಿದಳು.
ಇನ್ನೂ ಚೂರು.
ಕಿಟಕಿ ಬೆಳ್ಳಗಾಗುವವರೆಗೆ ಇದೇ ಮಾತು.

ಆಮೇಲೆ ಕಣ್ಣುಜ್ಜಿಕೊಂಡು ಹೇಳಿದಳು:
ಈ ಪಿಟೀಲಿನವನು ಯಾರೋ, ಒಳ್ಳೇ ಕೈ,
ಆದರೆ ಮಹಾ ಸೋಮಾರಿ.
ಸ್ವರ ಮುಗಿಯೋಕೆ ಮೊದಲೇ ಕಮಾನು ಎತ್ತಿಬಿಡುತ್ತಾನೆ,
ಕುರ್ಚಿ ಕಿರುಗುಟ್ಟುವುದೂ ಕೇಳಿಸುತ್ತೆ, ಮನೆಗೆ ಹೊರಟಿದ್ದಾನೆ.
ಒಂದೊಂದರ ಬಾಲವನ್ನೂ ನಾನೇ ಎಳೆದು ಉದ್ದ ಮಾಡಬೇಕು.

ನಾನು ಹೂಂಗುಟ್ಟಿದೆ.

ಕೆಳಗಿಳಿದು ಪೆಟ್ಟಿಗೆ ತೆರೆದೆ.
ಕಮಾನಿನ ಕೂದಲು ಅರ್ಧ ಉದುರಿತ್ತು.
ಫ್ರಿಜ್ಜಿನ ಶ್ರುತಿಗೇ ತಂತಿ ಇಳಿಸಿ
ಒಂದು ಸ್ವರ ಎಳೆದೆ,
ಮುಗಿಯುವವರೆಗೆ,
ಮುಗಿದ ಮೇಲೂ ಒಂದಿಷ್ಟು,
ಪಕ್ಕದ ಮನೆಯವರು ಗೋಡೆ ಗುದ್ದುವ ತನಕ.