ಎಡಗೈ ಸುತ್ತು

ಎರ್ಮೊಸಿಯೊದ ಜುಲೈ. ನಲವತ್ತಾರು ಡಿಗ್ರಿ.
ಅಂಗಡಿಯ ತಗಡಿನ ಬಾಗಿಲು ಮುಟ್ಟಿದರೆ ಚುರ್ ಅನ್ನುತ್ತದೆ.
ಮಾಂಸದಂಗಡಿಯ ಹುಡುಗ ಬಿಲ್ಲಿನ ಕಂಪ್ಯೂಟರಿನ
ಪವರ್ ಸಪ್ಲೈ ತಂದಿಟ್ಟ.
"ಗಂಟೆಗೊಮ್ಮೆ ಸಾಯುತ್ತೆ, ಆಮೇಲೆ ತಾನೇ ಏಳುತ್ತೆ,
ಒಬ್ದುಲಿಯಾ ಅತ್ತೆ."

ತಿರುಪು ಬಿಚ್ಚಿದೆ. ಧೂಳು, ಕೊಬ್ಬಿನ ಜಿಡ್ಡು,
ಕಾಲು ಸೆಟೆದ ಒಂದು ಜಿರಲೆ.
ನಡುವೆ ಬಳೆ.
ಹುಟ್ಟಿದಾಗ ಹಳದಿ, ಒಂದು ಮಗ್ಗುಲು ಬಿಳಿ;
ಈಗ ಹೆಂಚಿನ ಮೇಲೆ ಮರೆತ ರೊಟ್ಟಿಯ ಅಂಚು.

ಮೀಟರ್ ಹಿಡಿದೆ. ಸರಿ ಇದೆ ಅಂತು,
ಹೊಸತರಲ್ಲಿ ಎಷ್ಟಿತ್ತೋ ಅಷ್ಟೇ.
ಮೀಟರಿಗೇನು ಗೊತ್ತು.
ಹತ್ತು ನಿಮಿಷ ಓಡಿಸಿ, ವೈರು ಕಿತ್ತು, ಬೆರಳಿಟ್ಟೆ.
ಬೊಬ್ಬೆ ಎದ್ದಿತು.

ಒಳಗಿರುವುದು ಕಬ್ಬಿಣದ ಹಿಟ್ಟು,
ಒಂದೊಂದು ಕಣಕ್ಕೂ ಅಂಟಿನ ಅಂಗಿ.
ಅಂಟು ಅಂದರೆ ಬರೀ ಕೂಡಿಸುವುದಲ್ಲ,
ಒಂದನ್ನೊಂದು ಮುಟ್ಟದ ಹಾಗೆ ಒಟ್ಟಿಗಿಡುವುದು.
ಬಿಸಿಗೆ ಅಂಗಿ ಸವೆಯುತ್ತದೆ. ಕಣ ಕಣಕ್ಕೆ ತಾಗುತ್ತದೆ.
ತಾಗಿದಲ್ಲಿ ಕರೆಂಟು ಸುಳಿ ತಿರುಗುತ್ತದೆ,
ಸುಳಿ ಬಿಸಿ ಹುಟ್ಟಿಸುತ್ತದೆ, ಬಿಸಿ ಇನ್ನಷ್ಟು ಅಂಗಿ ತಿನ್ನುತ್ತದೆ.
ವರ್ಷಗಟ್ಟಲೆ ಹೀಗೇ, ಸದ್ದಿಲ್ಲದೆ.
ತಣ್ಣಗಾದ ಮೇಲೆ ಮರಳಿ ಬರುವಂಥದ್ದಲ್ಲ.

ಸುತ್ತು ಎಣಿಸಿದೆ, ಹಳೇ ಚಾಳಿ.
ಇಪ್ಪತ್ತಮೂರು.
ತಂತಿ ಎಡಕ್ಕೆ ಹೊರಳಿತ್ತು.

ನೊಗಾಲೆಸ್‌ನ ಉದ್ದ ಶೆಡ್ಡಿನಲ್ಲಿ ನಾವು ಅರವತ್ತು ಹೆಂಗಸರು,
ಗಂಟೆಗೆ ನಲವತ್ತು ಬಳೆ, ಬೆರಳ ತುದಿಗೆ ಟೇಪು.
ಎಡಗೈಯವಳು ಒಬ್ಬಳೇ, ಎದುವಿಹೆಸ್.
ಮೇಸ್ತ್ರಿ ಬೈದಾಗ ಬಲಕ್ಕೆ ಸುತ್ತುವಳು,
ಅವನ ಬೆನ್ನು ಕಂಡೊಡನೆ ಎಡಕ್ಕೆ.
ಅವಳ ಮೊಣಕೈ ನನ್ನ ಮೊಣಕೈಗೆ ದಿನವಿಡೀ ಕುಟ್ಟುತ್ತಿತ್ತು,
ಅದಕ್ಕೇ ನಡುವೆ ಒಂದು ಬಟ್ಟೆಯ ಗಂಟು ಇಟ್ಟುಕೊಂಡಿದ್ದೆವು,
ಅವಳ ಮಗುವಿನ ಹಳೇ ಲಂಗದ್ದು.
ಏಳು ವರ್ಷ ಇತ್ತು.
ಒಂದು ಮಧ್ಯಾಹ್ನ, ಫ್ಯಾನು ಕೆಟ್ಟಿತ್ತು,
ನನ್ನ ಲೆಕ್ಕದಲ್ಲಿ ಆರು ಬಳೆ ಕಡಿಮೆ ಬಂತು,
ಗಂಟು ಕಿತ್ತು ನೆಲಕ್ಕೆಸೆದೆ.
ಆಮೇಲೆ ಅವಳು ಬೇರೆ ಸಾಲಿಗೆ ಹೋದಳು.

ಇದು ಅವಳದೇ ಇರಬೇಕೆಂದೇನಿಲ್ಲ.
ದೋಂಗುವಾನ್‌ನಲ್ಲೂ ಎಡಗೈಯವರು ಇದ್ದಾರು.

ತಾಮ್ರ ಚೆನ್ನಾಗಿತ್ತು. ಬಿಡಿಸಿ ನೀವಿ
ಹೊಸ ಬಳೆಗೆ ಸುತ್ತಿದೆ; ಹಸಿರು-ನೀಲಿ,
ತುಸು ತಂಪಾಗಿ ಓಡುವ ಜಾತಿ.
ಎಡಕ್ಕೇ ಸುತ್ತಿದೆ.
ಕೈ ಒಗ್ಗಲಿಲ್ಲ. ಒಂಬತ್ತನೆಯದು ಎರಡು ಸಲ ಜಾರಿತು.

"ಇನ್ನೆಷ್ಟು ದಿನ ಬರುತ್ತೆ?" ಹುಡುಗ ಕೇಳಿದ.
"ಫ್ಯಾನಿನ ಧೂಳು ಒರೆಸ್ತಾ ಇರು," ಅಂದೆ.
ಸುಟ್ಟ ಬಳೆಯನ್ನು
ಕಸಕ್ಕೆ ಹಾಕಲಿಲ್ಲ ಇನ್ನೂ.