ಸುಟ್ಟೋದ ಕಾರು

ಆರ್‌ಸಿ ಬುಕ್ಕಿನಲ್ಲಿ ಇರುವುದು ನನ್ನ ಹೆಸರು.
ತೆರಿಗೆ ರಸೀತಿಯಲ್ಲೂ ಅದೇ, ತಮಿಳಿನಲ್ಲಿ;
ಓದಿಸಿಕೊಳ್ಳಬೇಕು ಯಾರಿಂದಲಾದರೂ:
ಶಿವನಂಜಮ್ಮ, ತಾಳವಾಡಿ, ಈರೋಡು ಜಿಲ್ಲೆ.

ಕರೀ ಕಾಂಟೆಸ್ಸಾ. ಕೋಸಿಗೆ ರೇಟು ಬಂದ ವರ್ಷದ್ದು.
ಇವರು ಟೆಂಟಿನ ಮರಳಲ್ಲಿ ಕೂತು ಆಸೆಪಟ್ಟದ್ದು:
ಬಂಗಲೆ ಮುಂದೆ ಬಂದು ನಿಲ್ಲಬೇಕು,
ಬಾಗಿಲು ತೆರೆದರೆ ಮೊದಲು ಬೂಟು ಕಾಣಬೇಕು,
ಮುಖ ಆಮೇಲೆ.
ನಮಗೆ ಬಂಗಲೆಯಿರಲಿಲ್ಲ, ಬೂಟಿರಲಿಲ್ಲ.
ಹವಾಯಿ ಚಪ್ಪಲಿ ಇಳಿಯಿತು, ಪಂಚೆ ಇಳಿಯಿತು,
ಕೊನೆಗೆ ಗುರುಮಲ್ಲಪ್ಪ.

ನಾನೂ ನೋಡಿದ್ದೇನೆ ಆ ಪಿಚ್ಚರುಗಳನ್ನು.
ಯಾವ ಕಾರೂ ಪೆಟ್ರೋಲು ಬಂಕಿಗೆ ಹೋಗುವುದಿಲ್ಲ.
ಇನ್ಶೂರೆನ್ಸ್ ಆಫೀಸಿನ ಬೆಂಚಿನಲ್ಲಿ
ವಿಲನ್ನು ಟೋಕನ್ ಹಿಡಿದು ಕೂರುವುದಿಲ್ಲ.
ಒಡೆದ ಗಾಜು ಮುಂದಿನ ಸೀನಿಗೆ ಕೂಡಿಕೊಂಡಿರುತ್ತದೆ.
ಪ್ರಪಾತಕ್ಕೆ ಬಿದ್ದು ಧಗ್ಗೆಂದರೆ ಎಲ್ಲರೂ ಶಿಳ್ಳೆ;
ನಮ್ಮತ್ತೆ ಒಬ್ಬರೇ, ಕತ್ತಲಲ್ಲಿ, ನನ್ನ ಕಿವಿಗೆ:
"ಅದ್ರ ಕಂತ್ನ ಯಾರವ್ವ ಕಟ್ಟದು?"

ನೋಟುಬುಕ್ಕು ಇಟ್ಟಿದ್ದೇನೆ ಅಂದಿನಿಂದ.
ದಿಂಬಂ ಘಾಟಿನ ಇಪ್ಪತ್ತೇಳು ತಿರುವು
ಕ್ಲಚ್ ಪ್ಲೇಟನ್ನು ಬೀಡಿಯ ಹಾಗೆ ಸೇದಿಬಿಡುತ್ತವೆ.
ಬ್ಯಾಟರಿ. ರೇಡಿಯೇಟರು. ಮತ್ತೆ ರೇಡಿಯೇಟರು.
ಹಾಸನೂರಿನ ಆನೆ ಬಂದು ಕೋಸು ತಿನ್ನುತ್ತದೆ,
ಇದು ಕೋಸಿನ ದುಡ್ಡು ತಿನ್ನುತ್ತದೆ.
ಆನೆಯನ್ನಾದರೂ ಪಟಾಕಿ ಹೊಡೆದು ಓಡಿಸಬಹುದು.

ಒಮ್ಮೆ ಮದರಾಸಿನಿಂದ ಶೂಟಿಂಗಿನವರು ಬಂದರು.
ದಿನಕ್ಕೆ ಒಂಬೈನೂರು, ಡ್ರೈವರು ಅವರದೇ.
ನಂಬರಿನ ಮೇಲೆ ಬೊಂಬಾಯಿ ನಂಬರು ಅಂಟಿಸಿದರು.
ಮೂರನೇ ದಿನ ಮರಳಿ ಬಂತು,
ಎಡಬಾಗಿಲಲ್ಲಿ ಮೊಳದುದ್ದ ಗೀರು,
ಡಿಕ್ಕಿಯಲ್ಲಿ ಹಳಸಿದ ಪುಳಿಯೋಗರೆ ಪೊಟ್ಟಣ.
ಬಂದದ್ದು ಎರಡು ಸಾವಿರದ ಏಳುನೂರು;
ಬಾಗಿಲಿಗೆ ಸತ್ಯಮಂಗಲದ ಕದಿರವೇಲು ಕೇಳಿದ್ದು ನಾಲ್ಕು.

ಪಿಚ್ಚರು ಬಂದಾಗ ಸತ್ಯಮಂಗಲಕ್ಕೇ ಹೋದೆವು,
ಬಸ್ಸಿನಲ್ಲಿ. ಕಾರಿಗೆ ಜ್ವರ.
ಹೆಚ್ಚೆಂದರೆ ನಾಲ್ಕು ಸೆಕೆಂಡು:
ಬಂದೂಕು ಹಿಡಿದವನ ತಲೆಯ ಹಿಂದೆ
ನಾನು ಕಸೂತಿ ಹಾಕಿದ ಹಳದಿ ಟವೆಲ್ಲು,
ಅದರಲ್ಲಿ ಹಸಿರು ದಾರದ ಒಂದೇ ಪದ,
ನಿಧಾನ.
ಆ ಪಿಚ್ಚರಿನಲ್ಲಿ ಕನ್ನಡವೆಂದರೆ ಅಷ್ಟೇ.
ಇವರ ತೋಳು ಹಿಂಡಿ ತೋರಿಸುವುದರೊಳಗೆ
ಕಾರು ಕಣಿವೆಗೆ ಹಾರಿತ್ತು.

ಉರಿದದ್ದು ನಮ್ಮದಲ್ಲ.
ಕರೀ ಬಣ್ಣ ಬಳಿದ ಯಾವುದೋ ಹಳೇ ಫಿಯೆಟ್ಟು.
ಬೀಳುವಾಗ ಮೂತಿ ಯಾರು ನೋಡುತ್ತಾರೆ?

ಅಂದಿನಿಂದ ಊರ ಬಾಯಲ್ಲಿ ಇದು ಸುಟ್ಟೋದ ಕಾರು.
ಮದುವೆಗೆ ಕರೆಯುತ್ತಿದ್ದವರು ಕರೆಯಲಿಲ್ಲ,
ವಿಲನ್ನು ಸತ್ತ ಸೀಟಿನ ಮೇಲೆ
ಮಗಳನ್ನು ಯಾರು ಕೂರಿಸುತ್ತಾರೆ.
ನಂಜನಗೂಡಿನವನೊಬ್ಬ ಕೊಳ್ಳಲು ಬಂದು
ಮೂರು ಸುತ್ತು ಹಾಕಿ, ಬಾನೆಟ್ಟು ಮೂಸಿ,
"ಬೆಂದಿರ ಗಾಡಿ ಕನಣ್ಣ, ಗೊತ್ತಾಯ್ತದ" ಅಂದ.
ಕಾಫಿ ಕುಡಿದು ಹೋದ.

ಇವರ ಮಂಡಿ ಕೈಕೊಟ್ಟ ಮೇಲೆ ನಾನೇ ಕಲಿತೆ,
ನಲವತ್ತಾರಕ್ಕೆ. ಮೊದಲ ವಾರ
ಪಂಚಾಯ್ತಿ ನಲ್ಲಿ ಮುರಿದೆ: ಮುನ್ನೂರೈವತ್ತು.
ಈಗ ತಿಂಗಳಿಗೆರಡು ಸಲ ಆಸ್ಪತ್ರೆಗೆ ಇಳಿಸುತ್ತೇನೆ ಇವರನ್ನು.
ಒಂಬತ್ತನೇ ತಿರುವಿನಲ್ಲಿ ಎಂಜಿನ್ನು ಕುದಿಯುತ್ತದೆ,
ಕಲ್ಲು ಕೊಟ್ಟು ನಿಲ್ಲಿಸಿ ನೀರು ಹಾಕುತ್ತೇನೆ.

ಮೊನ್ನೆ ಕೊಡ ಹಿಡಿದು ಕೆಳಗೆ ಬಗ್ಗಿದಾಗ
ಲಂಟಾನದ ನಡುವೆ ಅದು ಕಂಡಿತು.
ಮೇಲಿನ ಕರಿ ಸಿಪ್ಪೆಸಿಪ್ಪೆಯಾಗಿ ಎದ್ದು
ಬಾಗಿಲ ಮೂಲೆಯಲ್ಲೊಂದು ಕಡೆ
ಬೆಂಕಿ ಮುಟ್ಟದೆ ಬಿಟ್ಟ ಹಾಲುಬಿಳುಪು.
ಯಾರ ಮನೆಯದೋ. ಯಾರ ಹೆಸರಲ್ಲಿತ್ತೋ.
ತೂಕಕ್ಕೆ ಕೊಟ್ಟರೋ, ಅತ್ತು ಕೊಟ್ಟರೋ.

"ಏನಮೀ ಅಲ್ಲಿ?" ಸೀಟಿನಿಂದ ಇವರು.
ಏನಿಲ್ಲ ಅಂದೆ. ಹಿಂದೆ ಕಬ್ಬಿನ ಲಾರಿ ಹಾರನ್ನು.
ಕೆಳಗಿಳಿದ ಮೇಲೆ ಪೆಟ್ರೋಲು ಹಾಕಿಸಬೇಕು, ಐನೂರಕ್ಕೆ,
ಮರೆಯುವ ಮೊದಲು ಬರೆದುಕೊಳ್ಳಬೇಕು.