ಎನೆಬಿಶ್

ಎನೆಬಿಶ್. ‘ಇದಲ್ಲ’ ಎಂದೇ ಹೆಸರಿಟ್ಟೆವು ನಿನಗೆ,
ಹುಡುಕಿ ಬಂದದ್ದು ಮೋಸಹೋಗಿ
ಬಂದ ದಾರಿಗೆ ಸುಂಕವಿಲ್ಲವೆಂದು ಮರಳಲಿ ಅಂತ.

ಎರಡು ವಾರ ನಾನೂ ನಂಬಿದ್ದೆ.
ಹಾಲೂಡಿಸಿದೆ, ಬಟ್ಟೆ ಬದಲಿಸಿದೆ,
ಯಾರದೋ ಕುರಿಮರಿ ಕಾದ ಹಾಗೆ.
ಮುಖ ಹೆಚ್ಚು ನೋಡಲಿಲ್ಲ.
ಹಿಂದಿನದರ ಮುಖ ಎಷ್ಟೊಂದು ನೋಡಿದ್ದೆ.

ನಿನ್ನೆ ಮೈನಸ್ ಮೂವತ್ತು. ಒಲೆ ಆರಿತ್ತು.
ಉಲಾನ್‌ಬಾತರಿನ ಹೊಗೆಗಿಳಿದ ಒಚಿರ್
ಕಲ್ಲಿದ್ದಲು ತಂದಿರಲಿಲ್ಲ ಇನ್ನೂ.
ನಿಲುವಂಗಿಯ ಗುಂಡಿ ಬಿಚ್ಚಿ ನಿನ್ನ ಒಳಗಿಟ್ಟುಕೊಂಡೆ.
ನನ್ನ ಜಡೆ ಸಿಕ್ಕಿತು ನಿನಗೆ,
ಹಿಡಿದೆ.
ನಿದ್ದೆಯಲ್ಲೂ ಬಿಡಲಿಲ್ಲ.

ಒಲೆಯ ಮಸಿ ತೆಗೆದು ನಿನ್ನ ಮೂಗಿಗೆ ಹಚ್ಚಿದೆ.
ಕೈ ನಡುಗಿ ನನ್ನ ಕೆನ್ನೆಗೂ ಬಳಿಯಿತು.

ಒಚಿರ್ ಬಂದ, ಚೀಲ ಇಳಿಸಿ ನಕ್ಕ:
ಯಾರೇ ಅದು, ಒಳಗೆ?

ಇದಲ್ಲ, ಅಂದೆ
ಗಟ್ಟಿಯಾಗಿ,
ಬಾಗಿಲ ಕಡೆ ತಿರುಗಿ.